ಬೈಜಾಂಟೈನ್ ಚರ್ಚು, ಆದಿಕಾಲದ ಮಸೀದಿ ಮತ್ತು ಕಲಬುರಗಿಯ ಜಾಮಿ ಮಸೀದಿ

ಗೋರ್ಟಾ, ಬಸವಕಲ್ಯಾಣ, ಹುಮನಾಬಾದುಗಳ ಸೀಮೆಯ ವಿದ್ಯಾರ್ಥಿಗಳಿಗೆ ಕಲಬುರಗಿ ಕೋಟೆಯೊಳಗಣ ಜಾಮಿ ಮಸೀದಿಯು ಸಮೀಪದ ಸ್ಮಾರಕವಾಗಿದೆ. ಬಹಮನಿ ಸುಲ್ತಾನ ಒಂದನೆಯ ಮುಹಮ್ಮದನ ಆಳ್ವಿಕೆಯಲ್ಲಿ, ಕ್ರಿ.ಶ. 1367ರಲ್ಲಿ, ಇದು ನಿರ್ಮಾಣವಾಯಿತು. ಇದು ಸ್ಪೇನಿನ ಕಾರ್ಡೋವಾ ಮಸೀದಿಯ ಅನುಕರಣವೆಂಬ ಮಾತು ಬಹುಕಾಲದಿಂದ ಪ್ರಚಲಿತವಾಗಿದೆ. ಈ ಮಾತು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ತಿಳಿಯಬೇಕಾದರೆ, ಕಟ್ಟಡಗಳನ್ನು ಹೋಲಿಸುವ ಕ್ರಮವನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ಅದಕ್ಕೆ ಬೈಜಾಂಟೈನ್ ಹಾಗೂ ಆದಿ ಇಸ್ಲಾಮೀ ಕಟ್ಟಡಗಳ ಚರಿತ್ರೆಯು ಉತ್ತಮ ಆಧಾರವನ್ನೊದಗಿಸುತ್ತದೆ.

ಚಕ್ರವರ್ತಿ ಜಸ್ಟೀನಿಯನ್ನನು ಕಾನ್‌ಸ್ಟಾಂಟಿನೋಪಲಿನಲ್ಲಿ 532ರಿಂದ 537ರವರೆಗೆ ಹಾಗಿಯಾ ಸೋಫಿಯಾ ಚರ್ಚನ್ನು ಕಟ್ಟಿಸಿದನು. ಸುಮಾರು 31 ಮೀಟರು ವ್ಯಾಸದ ಗುಮ್ಮಟವನ್ನು ಚೌಕದ ಮೇಲೆ ನಿಲ್ಲಿಸುವುದು ಅಲ್ಲಿನ ಶಿಲ್ಪಿಗಳಿಗೆ ಎದುರಾದ ಸಮಸ್ಯೆ. ನಾಲ್ಕು ಮಹಾಕಮಾನುಗಳ ನಡುವಣ ಮೂಲೆಗಳಲ್ಲಿ ಬಾಗಿದ ತ್ರಿಕೋನಗಳನ್ನು ಎಬ್ಬಿಸಿ, ಚೌಕವನ್ನು ವೃತ್ತವಾಗಿ ಮಾರ್ಪಡಿಸಿ, ಅವರು ಅದನ್ನು ಪರಿಹರಿಸಿದರು. 558ರಲ್ಲಿ ಈ ಗುಮ್ಮಟವು ಕುಸಿಯಲು, ಅದನ್ನು ಇನ್ನೂ ಎತ್ತರವಾಗಿ ಪುನಃ ಕಟ್ಟಲಾಯಿತು.

ಖಲೀಫ ಅಬ್ದುಲ್ ಮಲಿಕನ ಕಾಲದಲ್ಲಿ, 691-92ರಲ್ಲಿ, ಜೆರೂಸಲೇಮಿನಲ್ಲಿ ಪೂರ್ಣಗೊಂಡ ಶಿಲಾಗುಮ್ಮಟವು ಬೇರೊಂದು ಮಾರ್ಗವನ್ನು ಹಿಡಿಯಿತು. ಪವಿತ್ರ ಬಂಡೆಯ ಸುತ್ತ 4 ದಪ್ಪ ಕಂಬಗಳೂ 12 ಸ್ತಂಭಗಳೂ ವೃತ್ತಾಕಾರವಾಗಿ ನಿಂತು ಮರದ ಗುಮ್ಮಟವನ್ನು ಹೊತ್ತಿವೆ; ಹೊರಗೋಡೆ ಅಷ್ಟಕೋನ. ಈ ವಿನ್ಯಾಸವೂ ಒಳಗಣ ಗಾಜಿನ ಕುಸುರಿಯೂ ಬೈಜಾಂಟೈನ್ ಸಂಪ್ರದಾಯಕ್ಕೆ ಸೇರಿದವು. ಆದರೆ ಅಲ್ಲಿ ಮನುಷ್ಯರ ಹಾಗೂ ಪ್ರಾಣಿಗಳ ಚಿತ್ರಗಳಿಲ್ಲ. ಅರಬ್ಬೀ ಲಿಪಿಯ ಶಾಸನವೂ ಬಳ್ಳಿ, ಗಿಡ, ಆಭರಣಗಳ ಅಲಂಕಾರವೂ ಇವೆ.

706ರಿಂದ 715ರೊಳಗೆ ರೂಪುಗೊಂಡ ದಮಾಸ್ಕಸಿನ ಮಹಾಮಸೀದಿಯಲ್ಲಿ ಈ ಭೇದವು ಮತ್ತಷ್ಟು ಸ್ಪಷ್ಟವಾಗಿದೆ. ಅದರ ಮೂರು ಉದ್ದನೆಯ ಸಾಲುಗಳು ಚರ್ಚಿನ ಸಾಲುಗಳನ್ನೇ ಹೋಲುತ್ತವೆ. ಆದರೆ ಚರ್ಚಿನಲ್ಲಿ ಭಕ್ತರು ಉದ್ದಕ್ಕೂ ಸಾಗಿ ಪೂರ್ವದ ವೇದಿಕೆಯತ್ತ ಮುಖಮಾಡುವರು. ಇಲ್ಲಿ ಅವರು ಅಡ್ಡಸಾಲುಗಳಲ್ಲಿ ನಿಂತು ದಕ್ಷಿಣದ ಮೆಕ್ಕಾದತ್ತ ಮುಖಮಾಡುವರು. ಕಂಬ, ಕಮಾನುಗಳು ಅವೇ ಆಗಿದ್ದರೂ ಆರಾಧನೆಯ ಕ್ರಮವು ಕಟ್ಟಡದ ದಿಕ್ಕನ್ನೇ ತಿರುಗಿಸಿತು.

ಈ ಅಳತೆಗೋಲಿನಿಂದ ಕಲಬುರಗಿಯನ್ನು ನೋಡೋಣ. ಎಂಟನೆಯ ಶತಮಾನದ ಕೊನೆಯಲ್ಲಿ ಆರಂಭವಾದ ಕಾರ್ಡೋವಾ ಮಸೀದಿಗೆ ವಿಶಾಲವಾದ ಅಂಗಳವುಂಟು. ಒಂದರ ಮೇಲೊಂದು ಏರಿದ ಇಮ್ಮಡಿ ಕಮಾನುಗಳು ಅದರ ಮರದ ಮಾಳಿಗೆಯನ್ನು ಹೊತ್ತಿವೆ. ಸುಮಾರು 216 ಅಡಿ ಉದ್ದ, 176 ಅಡಿ ಅಗಲದ ಕಲಬುರಗಿ ಮಸೀದಿಗಾದರೋ ಅಂಗಳವೇ ಇಲ್ಲ. ಅದು ಪೂರ್ಣವಾಗಿ ಮುಚ್ಚಿದ ಕಟ್ಟಡ. ಮಿಹರಾಬಿನ ಮುಂದೆ ದೊಡ್ಡ ಗುಮ್ಮಟ, ನಾಲ್ಕು ಮೂಲೆಗಳಲ್ಲಿ ಒಂದೊಂದು, ನಡುವೆ ಅನೇಕ ಚಿಕ್ಕ ಗುಮ್ಮಟಗಳು; ಅಂಚಿನ ಸಾಲುಗಳಲ್ಲಿ ಕುಳ್ಳಾದ, ಅಗಲವಾದ ಕಮಾನುಗಳು. ಕಂಬಗಳ ಸಮೃದ್ಧಿಯೊಂದನ್ನು ಬಿಟ್ಟರೆ, ಮಾಡಿನ ರಚನೆಯಲ್ಲಾಗಲಿ ವಿನ್ಯಾಸದಲ್ಲಾಗಲಿ ಇವೆರಡಕ್ಕೆ ಸಾಮ್ಯವು ಕಡಿಮೆ. ಆದುದರಿಂದ ಅನುಕರಣದ ವಾದಕ್ಕೆ ಕಟ್ಟಡದಿಂದ ಬೆಂಬಲ ದೊರೆಯದು.

ಹೊರನೋಟದ ಹೋಲಿಕೆಯಿಂದ ವಂಶಾವಳಿಯನ್ನು ಕಲ್ಪಿಸುವುದು ಸುಲಭ. ಮಾಡಿನ ಭಾರವನ್ನು ಯಾವುದು ಹೊತ್ತಿದೆ, ಜನರು ಯಾವ ದಿಕ್ಕಿಗೆ ಹೇಗೆ ನಿಲ್ಲುತ್ತಾರೆ ಎಂಬೆರಡು ಪ್ರಶ್ನೆಗಳನ್ನು ಮೊದಲು ಕೇಳಿ, ಅಲಂಕಾರವನ್ನು ಅನಂತರ ವಿಚಾರಿಸುವುದು ಲೇಸು. ಹುಮನಾಬಾದಿನ ಬಳಿಯ ಜಲಸಂಗಿಯ ಚಾಲುಕ್ಯ ದೇವಾಲಯವನ್ನು ಅಭ್ಯಸಿಸುವವರಿಗೂ ಈ ಕ್ರಮವು ಉಪಯುಕ್ತವಾದೀತು.