ಊರು ಬದಲಾದದ್ದನ್ನು ಹೇಳಲು ಇಬ್ಬರು ಬೇಕು

ರಾಣೆಬೆನ್ನೂರು, ಹಾವೇರಿ, ಬ್ಯಾಡಗಿ ಬಿಟ್ಟು ಬೆಂಗಳೂರಿಗೋ ಪುಣೆಗೋ, ಅಲ್ಲಿಂದ ಮುಂದೆ ದುಬೈಗೋ ಅಮೆರಿಕಕ್ಕೋ ಹೋದವರಿಗೆ ಊರಿನ ಸುದ್ದಿ ಮೂರು ದಾರಿಯಲ್ಲಿ ಬರುತ್ತದೆ. ಮನೆಯವರು ಹೇಳುವುದು ಒಂದು: ಯಾರ ಮದುವೆ ಗೊತ್ತಾಯಿತು, ಯಾರು ತೀರಿಕೊಂಡರು, ಅಪ್ಪನ ಮಂಡಿನೋವು ಹೇಗಿದೆ. ಪತ್ರಿಕೆ, ಟೀವಿ ಹೇಳುವುದು ಇನ್ನೊಂದು: ಅಪಘಾತ, ಸಭೆ, ಚುನಾವಣೆ, ಮೆಣಸಿನಕಾಯಿ ದರ. ಮೂರನೆಯದು ಊರಲ್ಲೇ ಉಳಿದ ಗೆಳೆಯನೋ ಗೆಳತಿಯೋ ಹೇಳುವ ಸುದ್ದಿ. ಪುಣೆ-ಬೆಂಗಳೂರು (ಪಿ.ಬಿ.) ರೋಡಿನ ಯಾವ ಅಂಗಡಿ ಬಾಗಿಲು ಹಾಕಿತು, ಯಾವ ಟಾಕೀಸಿನ ಜಾಗದಲ್ಲಿ ಏನು ಎದ್ದಿತು, ಸಂತೆಯ ದಿನ ಹಳ್ಳಿಯವರು ಈಗ ಬಸ್ಸಿನಲ್ಲಿ ಬರುತ್ತಾರೋ ಬೈಕಿನಲ್ಲೋ ಎಂಬಂಥ ಮಾತುಗಳು ಅದರಲ್ಲಿ ಇರುತ್ತವೆ. ಇದನ್ನು ನಾವು ಹರಟೆ ಎಂದು ಕರೆದು ಬದಿಗಿಡುತ್ತೇವೆ. ಆದರೆ ಸಣ್ಣ ಪಟ್ಟಣವೊಂದು ಹೇಗೆ ಬದಲಾಗುತ್ತದೆ ಎಂದು ತಿಳಿಯಬೇಕಾದರೆ ಈ ಮೂರರಲ್ಲಿ ಹೆಚ್ಚು ನಂಬಬಹುದಾದದ್ದು, ಹೆಚ್ಚು ಕಾಯ್ದುಕೊಳ್ಳಬೇಕಾದದ್ದು ಈ ಹರಟೆಯೇ. ಬದಲಾವಣೆ ಎಂದರೆ ಮೊದಲಿದ್ದದ್ದಕ್ಕೂ ಈಗಿರುವುದಕ್ಕೂ ನಡುವಿನ ಅಂತರ. ಮೊದಲು ಹೇಗಿತ್ತು ಎಂಬುದು ಹೇಳುವವರಿಗೂ ಕೇಳುವವರಿಗೂ ಸಮನಾಗಿ ಗೊತ್ತಿದ್ದಾಗ ಮಾತ್ರ ಆ ಅಂತರ ಮಾತಿಗೆ ಸಿಗುತ್ತದೆ. ಒಂದೇ ಓಣಿಯಲ್ಲಿ ಬೆಳೆದು, ಒಂದೇ ಬೆಂಚಿನಲ್ಲಿ ಕುಳಿತು, ಆಮೇಲೆ ದೂರವಾದ ಇಬ್ಬರಲ್ಲಿ ಆ ‘ಮೊದಲು’ ಉಳಿದಿರುತ್ತದೆ.

ಸರ್ಕಾರದ ಕಡತಗಳು ಈ ಕೆಲಸ ಮಾಡುವುದಿಲ್ಲವೇ ಎಂದು ಕೇಳಬಹುದು. ಒಂದು ಮಟ್ಟಿಗೆ ಮಾಡುತ್ತವೆ. 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರೆಯಾಗಿ ಹಾವೇರಿ ಜಿಲ್ಲೆ ಹುಟ್ಟಿತು. ಜಿಲ್ಲಾಧಿಕಾರಿ ಕಚೇರಿ ಹಾವೇರಿಗೆ ಬಂತು. ಆದರೂ 2011ರ ಜನಗಣತಿಯಲ್ಲಿ ರಾಣೆಬೆನ್ನೂರು ಒಂದು ಲಕ್ಷ ದಾಟಿದ್ದರೆ ಜಿಲ್ಲಾ ಕೇಂದ್ರ ಹಾವೇರಿ 67 ಸಾವಿರದ ಆಸುಪಾಸಿನಲ್ಲಿತ್ತು, ಬ್ಯಾಡಗಿ 30 ಸಾವಿರದ ಹತ್ತಿರ. ಅಧಿಕಾರ ಒಂದು ಊರಿಗೆ ಬಂದರೂ ವ್ಯಾಪಾರ ಇನ್ನೊಂದರಲ್ಲೇ ಉಳಿಯಿತು ಎಂಬುದನ್ನು ಈ ಅಂಕಿಗಳಿಂದ ಊಹಿಸಬಹುದು. ಅಲ್ಲಿಂದ ಮುಂದಕ್ಕೆ ಕಡತ ಮೌನ. 2021ರಲ್ಲಿ ನಡೆಯಬೇಕಿದ್ದ ಜನಗಣತಿ ಮುಂದಕ್ಕೆ ಹೋಗಿ ಈಗ 2027ಕ್ಕೆ ನಿಗದಿಯಾಗಿದೆ. ಎಂದರೆ 16 ವರ್ಷ ಎಣಿಕೆಯ ಪುಸ್ತಕ ಮುಚ್ಚಿಯೇ ಇರುತ್ತದೆ. ಅಗ್ಗದ ಇಂಟರ್‌ನೆಟ್ ಬಂದದ್ದು, ಕೊರೊನಾ ಕಾಲದಲ್ಲಿ ಜನ ಊರಿಗೆ ಮರಳಿದ್ದು, ಹೆದ್ದಾರಿಯ ಬದಿಗೆ ಬಡಾವಣೆಗಳು ಹಬ್ಬಿದ್ದು, ಎಲ್ಲವೂ ಇದೇ ಅವಧಿಯಲ್ಲಿ. ಈ ವರ್ಷಗಳಲ್ಲಿ ಊರಿನ ಲೆಕ್ಕ ಇಟ್ಟವರು ಯಾರು ಎಂದರೆ, ದೂರದ ಗೆಳೆಯನಿಗೆ ರಾತ್ರಿ ಊಟವಾದ ಮೇಲೆ ಫೋನು ಮಾಡಿ ಊರಿನ ಮಾತು ಆಡಿದವರು.

ಆ ಮಾತಿನ ಬೆಲೆ ತಿಳಿಯಲು ಒಂದು ಘಟನೆ ಸಾಕು. 2024ರ ಮಾರ್ಚ್ 11, ಸೋಮವಾರ. ಬ್ಯಾಡಗಿಯಲ್ಲಿ ಸೋಮವಾರ, ಗುರುವಾರ ಮೆಣಸಿನಕಾಯಿ ಮಾರುಕಟ್ಟೆಯ ದಿನ. ದರ ಕುಸಿದದ್ದಕ್ಕೆ ಸಿಟ್ಟಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ಕಲ್ಲು ಬಿದ್ದವು, ವಾಹನಗಳಿಗೆ ಬೆಂಕಿ ಬಿತ್ತು. ಆ ಹೊಗೆಯ ವಿಡಿಯೊ ಸಂಜೆಯೊಳಗೆ ಜಗತ್ತಿನ ಯಾವ ಮೂಲೆಯಲ್ಲಿದ್ದ ಬ್ಯಾಡಗಿಯವನ ಮೊಬೈಲಿಗೂ ಮುಟ್ಟಿತ್ತು. ಆದರೆ ವಿಡಿಯೊದಲ್ಲಿ ಕಂಡದ್ದು ಬೆಂಕಿ ಮಾತ್ರ. ಅದರ ಹಿಂದಿನ ಕಥೆ ಹೇಳಬೇಕಾದರೆ ಹಿಂದಿನ ಬ್ಯಾಡಗಿ ಗೊತ್ತಿರಬೇಕು. ಡಬ್ಬಿ, ಕಡ್ಡಿ ತಳಿಗಳ ಸುಕ್ಕುಗಟ್ಟಿದ, ಕಡುಗೆಂಪಿನ, ಖಾರ ಕಡಿಮೆಯ ಕಾಯಿಯಿಂದ ಈ ಊರು ಹೆಸರಾಗಿತ್ತು; 2011ರಲ್ಲಿ ಆ ಕಾಯಿಗೆ ಭೌಗೋಳಿಕ ಸೂಚಿ ಮಾನ್ಯತೆಯೂ ಸಿಕ್ಕಿತು. ಅಷ್ಟರಲ್ಲಿ ಮಾರುಕಟ್ಟೆಗೆ ಬರುವ ಚೀಲಗಳ ವಿಳಾಸವೇ ಬದಲಾಗಿತ್ತು. ಬಳ್ಳಾರಿ, ರಾಯಚೂರು ಕಡೆಯಿಂದ, ಆಂಧ್ರದಿಂದ ಲಾರಿಗಟ್ಟಲೆ ಕಾಯಿ ಬಂದು ಇಳಿಯುತ್ತದೆ. ಸುಗ್ಗಿಯಲ್ಲಿ ಒಂದೇ ದಿನ ಲಕ್ಷಗಟ್ಟಲೆ ಚೀಲ. ಬಣ್ಣ ತೆಗೆಯುವ ಓಲಿಯೋರೆಸಿನ್ ಕಾರ್ಖಾನೆಗಳು ಕೊಳ್ಳುತ್ತವೆ. ಊರ ಸುತ್ತ ಕೋಲ್ಡ್ ಸ್ಟೋರೇಜುಗಳು ಎದ್ದಿವೆ. ಹಿಂದೆ ಸುತ್ತಲಿನ ಹಳ್ಳಿಗರಿಗೆ ದಲಾಲರ ಪರಿಚಯವಿತ್ತು. ಈಗ ಮುನ್ನೂರು ಕಿಲೋಮೀಟರ್ ದೂರದಿಂದ ಬಾಡಿಗೆ ಲಾರಿಯಲ್ಲಿ ಕಾಯಿ ತಂದವನಿಗೆ ಮುಖ ಪರಿಚಯವೂ ಇರುವುದಿಲ್ಲ, ದರ ಬರಲಿಲ್ಲವೆಂದು ತಿರುಗಿ ಒಯ್ಯುವ ಶಕ್ತಿಯೂ ಇರುವುದಿಲ್ಲ. ‘ನಾವು ಸಣ್ಣವರಿದ್ದಾಗಿನ ಪೇಟೆ ಇದಲ್ಲ’ ಎಂದು ಊರಿನ ಗೆಳೆಯ ಹೇಳಿದರೆ ಆ ಒಂದು ವಾಕ್ಯದಲ್ಲಿ ಇಷ್ಟೂ ಅಡಗಿರುತ್ತದೆ. ಕೇಳುವವನಿಗೆ ಆ ಹಳೆಯ ಪೇಟೆ ಗೊತ್ತಿರುವುದರಿಂದಲೇ ಅದು ಅರ್ಥವಾಗುತ್ತದೆ.

ಇನ್ನೂ ಸದ್ದಿಲ್ಲದ ಬದಲಾವಣೆಗಳಿವೆ. ಹಾವೇರಿ ಸೀಮೆಯ ಎರೆಹೊಲಗಳಲ್ಲಿ ಒಂದು ಕಾಲಕ್ಕೆ ಹತ್ತಿ, ಬಿಳಿಜೋಳದ ರಾಜ್ಯ. ಇಂದು ಮಳೆಗಾಲದಲ್ಲಿ ಹೆದ್ದಾರಿಯ ಎರಡೂ ಬದಿಗೆ ಗೋವಿನಜೋಳ. ಕೋಳಿ ಆಹಾರಕ್ಕೆ, ಪಿಷ್ಟದ ಕಾರ್ಖಾನೆಗೆ ಹೋಗುವ ಬೆಳೆ ಇದು. ಕೊಳ್ಳುವವರು ಸಿಗುತ್ತಾರೆ, ಆಳಿನ ಖರ್ಚು ಕಡಿಮೆ. ಅಂಕಿ ಅಂಶದ ಪುಸ್ತಕದಲ್ಲಿ ಇದು ಬಿತ್ತನೆ ಕ್ಷೇತ್ರದ ಒಂದು ಸಾಲು. ಊರಲ್ಲಿ ಅದರ ಪರಿಣಾಮ ಮನೆಮನೆಗೂ ಹರಡಿದೆ. ಜೋಳದ ಸೊಪ್ಪೆ ಕಡಿಮೆಯಾಗಿ ಎತ್ತಿಗೆ ಮೇವು ತುಟ್ಟಿಯಾಯಿತು, ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂತು, ಕಣ ಮಾಡುವುದು ನಿಂತು ಕಾಳು ಸರ್ವಿಸ್ ರಸ್ತೆಯ ಡಾಂಬರಿನ ಮೇಲೆ ಒಣಗತೊಡಗಿತು, ಮನೆಯ ಜೋಳದ ರೊಟ್ಟಿ ತಿನ್ನುತ್ತಿದ್ದವರು ಜೋಳವನ್ನು ಅಂಗಡಿಯಿಂದ ತರುವಂತಾಯಿತು. ಅದೇ ಕಾಲಕ್ಕೆ ರಾಣೆಬೆನ್ನೂರು ಬೀಜದ ವ್ಯಾಪಾರಕ್ಕೆ ಹೆಸರಾಯಿತು. ಹೈಬ್ರಿಡ್ ತರಕಾರಿ, ಹತ್ತಿ ಬೀಜಕ್ಕಾಗಿ ಹೂವಿನಿಂದ ಹೂವಿಗೆ ಕೈಯಿಂದಲೇ ಪರಾಗ ಮುಟ್ಟಿಸುವ ‘ಕ್ರಾಸಿಂಗ್’ ಕೆಲಸ ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳ ದಿನಚರಿ ಬದಲಿಸಿತು. ಇವುಗಳಲ್ಲಿ ಯಾವುದೂ ಒಂದು ದಿನ ನಡೆದದ್ದಲ್ಲ. ಆದ್ದರಿಂದ ಯಾವ ದಿನದ ಪತ್ರಿಕೆಗೂ ಇದು ಸುದ್ದಿಯಾಗಲಿಲ್ಲ. ವರ್ಷಕ್ಕೊಮ್ಮೆ ಊರಿಗೆ ಬರುವ ಗೆಳೆಯನಿಗೆ ಹೇಳುವಾಗ ಮಾತ್ರ ಇದು ಒಂದು ಕಥೆಯಾಗಿ ಜೋಡಣೆಗೊಳ್ಳುತ್ತದೆ.

ಇಲ್ಲಿ ಬಲವಾದ ಆಕ್ಷೇಪವೊಂದು ಏಳುತ್ತದೆ. ಇಂದು ಪ್ರತಿ ಕಿಸೆಯಲ್ಲೂ ಕ್ಯಾಮೆರಾ ಇದೆ. ಶಾಲೆಯ ಬ್ಯಾಚಿಗೊಂದು ವಾಟ್ಸಾಪ್ ಗುಂಪಿದೆ. ದೀಪಾವಳಿಯ ನಂತರ ನಡೆಯುವ ಹೋರಿ ಬೆದರಿಸುವ ಆಟದಲ್ಲಿ ಯಾವ ಹೋರಿ ಕೊಬ್ಬರಿ ಹರಿಯಗೊಡದೆ ಓಡಿತು ಎಂಬುದನ್ನು ಲಂಡನ್ನಿನಲ್ಲಿ ಕುಳಿತವನೂ ಅದೇ ದಿನ ನೋಡುತ್ತಾನೆ. 1950ರಲ್ಲಿ ಜಾರಿಗೆ ಬಂದ ಇನ್‌ಲ್ಯಾಂಡ್ ಪತ್ರದ ಮೂರು ಮಡಿಕೆಯಲ್ಲಿ, ಅಂಚಿನಲ್ಲೂ ಬಿಡದೆ ತುಂಬುತ್ತಿದ್ದ ಸುದ್ದಿ ಎಲ್ಲಿ, ಇದೆಲ್ಲಿ? ಒಪ್ಪಬೇಕಾದ ಮಾತು. ಪತ್ರ ವಾರಗಟ್ಟಲೆ ತಡವಾಗುತ್ತಿತ್ತು, ಎಸ್‌ಟಿಡಿ ಬೂತಿನಲ್ಲಿ ಮೀಟರಿನ ಕಡೆ ನೋಡುತ್ತಲೇ ಮಾತಾಡಬೇಕಿತ್ತು. ಆ ಕಷ್ಟವನ್ನು ಹೊಗಳುವುದರಲ್ಲಿ ಅರ್ಥವಿಲ್ಲ. ಆದರೆ ಕ್ಯಾಮೆರಾಕ್ಕೆ ಒಂದು ಮಿತಿ ಇದೆ: ಇರುವುದನ್ನು ತೋರಿಸುತ್ತದೆ, ಇಲ್ಲವಾದದ್ದನ್ನು ತೋರಿಸಲಾರದು. ರಾಣೆಬೆನ್ನೂರಿನ ಕೃಷ್ಣಮೃಗ ವನ್ಯಧಾಮ 1974ರಲ್ಲಿ ಘೋಷಣೆಯಾಯಿತು. ಸುಮಾರು 119 ಚದರ ಕಿಲೋಮೀಟರಿನ ಈ ಕಾಡಿನಂಚಿನಲ್ಲಿ ಬೆಳೆಗೆ ಬಾಯಿ ಹಾಕುವ ಜಿಂಕೆಗಳ ವಿಡಿಯೊ ಬೇಕಾದಷ್ಟು ಸಿಗುತ್ತದೆ. ಆದರೆ ಇದೇ ಬಯಲಿನಲ್ಲಿ ಹಿಂದೆ ಎರೆಭೂತ ಎಂಬ ದೊಡ್ಡ ಹಕ್ಕಿಯೂ ಇತ್ತು, ಬಯಲು ನೀಲಗಿರಿ ತೋಪಾದ ಮೇಲೆ ಅದಕ್ಕೆ ನೆಲೆ ತಪ್ಪಿತು ಎಂಬುದನ್ನು ಯಾವ ವಿಡಿಯೊ ಹೇಳೀತು? ಮುಚ್ಚಿದ ಟಾಕೀಸು, ನಿಂತುಹೋದ ಮಗ್ಗ, ಹೆದ್ದಾರಿ ಊರ ಹೊರಗೆ ಸರಿದ ಮೇಲೆ ಗಿರಾಕಿ ಕಳೆದುಕೊಂಡ ಹಳೆಯ ರಸ್ತೆಯ ಖಾನಾವಳಿ, ಇವುಗಳ ಸುದ್ದಿ ಮಾತಿನಲ್ಲೇ ಬರಬೇಕು. ಗುಂಪಿನಲ್ಲಿ ಇನ್ನೂ ಒಂದು ತೊಡಕು. ಇನ್ನೂರು ಜನರಿಗೆ ಹಾಕುವ ಮಾತು ಯಾರಿಗೂ ನೋವಾಗದ ಮಾತಾಗಿರಬೇಕು. ಹಾಗಾಗಿ ಅಲ್ಲಿ ಹುಟ್ಟುಹಬ್ಬದ ಶುಭಾಶಯ, ಶ್ರದ್ಧಾಂಜಲಿ, ಎಲ್ಲಿಂದಲೋ ಬಂದ ಫಾರ್ವರ್ಡು ತುಂಬುತ್ತವೆ. ಬ್ಯಾಡಗಿಯ ಮುಖ್ಯರಸ್ತೆ ಅಗಲೀಕರಣ ವರ್ಷಗಟ್ಟಲೆ ಎಳೆದಾಡಿದಾಗ ಅಂಗಡಿಕಾರರ ಚಿಂತೆ ಏನು, ಓಡಾಡುವವರ ಗೋಳು ಏನು ಎಂಬ ಎರಡೂ ಕಡೆಯ ಮಾತನ್ನು ಬಿಚ್ಚಿ ಹೇಳಲು ಒಬ್ಬನೇ ಕೇಳುಗ ಬೇಕು.

ಎರಡನೆಯ ಆಕ್ಷೇಪ ಇನ್ನೂ ಹಳೆಯದು: ಇದೆಲ್ಲ ಬರೀ ಹಳಹಳಿಕೆ, ಊರು ಬಿಟ್ಟವರಿಗೆ ಹಳೆಯದೆಲ್ಲ ಚಂದ. ಊರು ಬಿಟ್ಟವರ ಮನಸ್ಸಿನಲ್ಲಿ ಊರು ಅವರು ಬಿಟ್ಟ ವರ್ಷಕ್ಕೇ ನಿಂತಿರುತ್ತದೆ ಎಂಬುದು ನಿಜ. ಹೆದ್ದಾರಿಯ ಸಂಖ್ಯೆ 48 ಆಗಿ ವರ್ಷಗಳೇ ಕಳೆದರೂ ಅವರ ಬಾಯಲ್ಲಿ ಅದು ಇನ್ನೂ ಎನ್‌ಎಚ್ 4. ಈ ಹಳಹಳಿಕೆಗೆ ಮದ್ದು ಕೂಡ ಊರಿನ ಗೆಳೆಯನೇ. ದೂರದಲ್ಲಿರುವವನು ಕಟ್ಟಿಕೊಂಡ ಚಂದದ ಚಿತ್ರವನ್ನು ಊರಲ್ಲಿರುವವನು ತಿದ್ದುತ್ತಾನೆ: ನೀನು ನೆನೆಯುವ ಆ ಕೆರೆ ದಂಡೆಯಲ್ಲಿ ಸೊಳ್ಳೆ ಎಷ್ಟಿದ್ದವು ಗೊತ್ತೇನು, ನಲ್ಲಿ ನೀರಿಗೆ ಎಷ್ಟು ದಿನ ಕಾಯುತ್ತಿದ್ದೆವು ಮರೆತೆಯಾ ಎಂದು ಕೇಳುತ್ತಾನೆ. ತಿದ್ದುಪಡಿ ಇನ್ನೊಂದು ದಿಕ್ಕಿಗೂ ಹರಿಯುತ್ತದೆ. ಊರಲ್ಲೇ ಇರುವವನಿಗೆ ದಿನಾ ನೋಡುವುದರಿಂದ ಬದಲಾವಣೆ ಕಾಣುವುದಿಲ್ಲ. ದೂರದವನು ಕೇಳಿದ ಪ್ರಶ್ನೆಯೇ ಅವನ ಕಣ್ಣು ತೆರೆಸುತ್ತದೆ. ಶಿವಮೊಗ್ಗದಿಂದ ಶಿಕಾರಿಪುರದ ಮೇಲೆ ರಾಣೆಬೆನ್ನೂರಿಗೆ ಬರಲಿರುವ ಹೊಸ ರೈಲು ಮಾರ್ಗದಿಂದ ಊರಿಗೆ ಏನಾದೀತು ಎಂದು ಹೊರಗಿನವನು ಕೇಳಿದಾಗಲೇ ಒಳಗಿನವನು ಭೂಮಿ ದರ, ಮಲೆನಾಡಿನ ಅಡಿಕೆ, ಕಾಲೇಜಿಗೆ ಬರುವ ಹುಡುಗರು ಎಂದೆಲ್ಲ ಲೆಕ್ಕ ಹಾಕತೊಡಗುತ್ತಾನೆ. ಶೀರ್ಷಿಕೆಯಲ್ಲಿ ಇಬ್ಬರು ಬೇಕು ಎಂದದ್ದು ಇದಕ್ಕೇ.

ಇಂಥ ಮಾತು ದಾಖಲೆಯಾಗಬಲ್ಲದು ಎಂದು ಸಮಾಜ ವಿಜ್ಞಾನ ನೂರು ವರ್ಷದ ಹಿಂದೆಯೇ ಒಪ್ಪಿದೆ. ಡಬ್ಲ್ಯು.ಐ. ಥಾಮಸ್ ಮತ್ತು ಫ್ಲೋರಿಯನ್ ಜ್ನಾನಿಯೆಟ್ಸ್ಕಿ 1918ರಿಂದ 1920ರ ನಡುವೆ ಹೊರತಂದ ಐದು ಸಂಪುಟಗಳ ಅಧ್ಯಯನಕ್ಕೆ, ಅಮೆರಿಕಕ್ಕೆ ಹೋದ ಪೋಲೆಂಡಿನ ರೈತರಿಗೂ ಊರಲ್ಲಿ ಉಳಿದವರಿಗೂ ನಡುವೆ ಓಡಾಡಿದ ನೂರಾರು ಪತ್ರಗಳು ಮುಖ್ಯ ಆಧಾರ. ಹಸು ಮಾರಿದ್ದು, ಹೊಲ ಪಾಲಾದದ್ದು, ಮಗಳ ಮದುವೆಗೆ ಹಣ ಬೇಕಾದದ್ದು ಮುಂತಾದ ಚಿಲ್ಲರೆ ಸುದ್ದಿಗಳಿಂದಲೇ ಅವರು ಒಂದು ರೈತ ಸಮಾಜ ಹೇಗೆ ಸಡಿಲಾಗಿ ಮತ್ತೆ ಕಟ್ಟಿಕೊಂಡಿತು ಎಂದು ತೋರಿಸಿದರು. ಆದರೆ ಅಲ್ಲಿನ ಪತ್ರಗಳಲ್ಲಿ ಹೆಚ್ಚಿನವು ರಕ್ತಸಂಬಂಧಿಗಳವು. ಸ್ನೇಹದ ಪತ್ರ ಉಳಿಯುವುದು ಕಷ್ಟ, ಏಕೆಂದರೆ ಸ್ನೇಹವೇ ಉಳಿಯುವುದು ಕಷ್ಟ. ಶಾಲೆ ಮುಗಿಸಿ ಕಾಲೇಜಿಗೋ ಕೆಲಸಕ್ಕೋ ಹೊರಟ ಬ್ರಿಟನ್ನಿನ ತರುಣ ತರುಣಿಯರನ್ನು 18 ತಿಂಗಳು ಗಮನಿಸಿದ ಸ್ಯಾಮ್ ರಾಬರ್ಟ್ಸ್ ಮತ್ತು ರಾಬಿನ್ ಡನ್‌ಬಾರ್, ನೆಂಟಸ್ತಿಕೆ ಹೇಗೋ ತಾಳಿಕೊಳ್ಳುತ್ತದೆ, ಸ್ನೇಹ ಮಾತ್ರ ಪ್ರಯತ್ನ ನಿಂತೊಡನೆ ಮಾಸುತ್ತದೆ ಎಂದು ಕಂಡರು. ಮನೆಯಿಂದ ಬರುವ ಸುದ್ದಿ ನಾವು ಸುಮ್ಮನಿದ್ದರೂ ಬರುತ್ತದೆ. ಗೆಳೆಯನ ಸುದ್ದಿ ಕೇಳಿದರೆ ಮಾತ್ರ ಬರುತ್ತದೆ.

ಎಲ್ಲಕ್ಕಿಂತ ಗಂಭೀರ ಆಕ್ಷೇಪ ಮೂರನೆಯದು. ಗೆಳೆಯರ ಮಾತಿನಲ್ಲಿ ಇಡೀ ಊರು ಇರುತ್ತದೆಯೇ? ಬರೆಯಲು ಬರುತ್ತಿದ್ದ, ಹೊರಗೆ ಹೋಗಲು ಅನುಕೂಲವಿದ್ದ ಗಂಡಸರ, ಕೆಲವೇ ಓಣಿಗಳವರ ಊರು ಮಾತ್ರ ಅಲ್ಲಿ ಇರುತ್ತಿತ್ತು. ಮದುವೆಯಾಗಿ ದಾವಣಗೆರೆಗೋ ಸೊಲ್ಲಾಪುರಕ್ಕೋ ಹೋದ ಹುಡುಗಿಗೆ ಹಳೆಯ ಗೆಳತಿಯ ವಿಳಾಸವೇ ತಪ್ಪಿಹೋಗುತ್ತಿತ್ತು; ಬಂದ ಪತ್ರ ಮೊದಲು ಮನೆಯ ಹಿರಿಯರ ಕೈ ಸೇರುತ್ತಿತ್ತು. ಈ ದೂರು ಸರಿ. ಆದರೆ ಇದರಿಂದ ಹೊರಡುವ ತೀರ್ಮಾನ, ಆ ಮಾತು ಬೇಡ ಎಂದಲ್ಲ, ಇನ್ನೂ ಹೆಚ್ಚು ಜನರದು ಬೇಕು ಎಂದು. ಮೊಬೈಲು ನಿಜವಾಗಿ ತಂದ ಲಾಭ ಇಲ್ಲಿದೆ: ಇಪ್ಪತ್ತು ವರ್ಷ ಕಡಿದುಹೋಗಿದ್ದ ಗೆಳತಿಯರ ನಂಟು ಮತ್ತೆ ಕೂಡಿತು. ಆ ನಂಟಿನಲ್ಲಿ ಎಂಥ ಸುದ್ದಿ ಬರುತ್ತದೆ ಎಂಬುದಕ್ಕೆ ಒಂದು ಉದಾಹರಣೆ: 2023ರ ಜೂನ್ 11ರಂದು ಶುರುವಾದ ರಾಜ್ಯ ಸರ್ಕಾರದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ಸಾರಿಗೆ ಇಲಾಖೆ ಪ್ರಯಾಣಗಳನ್ನು ಎಣಿಸುತ್ತದೆ. ಆದರೆ ದೇವರಗುಡ್ಡದ ದರ್ಶನಕ್ಕೆ ಮನೆಯವರನ್ನು ಕಾಯದೆ ತಾವೇ ಹೊರಡುವವರು ಯಾರು, ಬೀಜದ ಹೊಲದ ಕೂಲಿಗಾಗಿ ಎಷ್ಟು ದೂರದವರೆಗೆ ಈಗ ಹೋಗಿಬರುತ್ತಾರೆ, ತವರಿಗೆ ಹೋಗಲು ಯಾರ ಅಪ್ಪಣೆ ಬೇಕಾಗದಾಯಿತು ಎಂಬುದು ಗೆಳತಿ ಗೆಳತಿಗೆ ಹೇಳುವ ಮಾತಿನಲ್ಲೇ ಸಿಗುತ್ತದೆ.

ಹಾಗಾದರೆ ಮಾಡಬೇಕಾದದ್ದು ದೊಡ್ಡದೇನಲ್ಲ. ‘ಆರಾಮಾ? ಮತ್ತೇನು ವಿಶೇಷ?’ ಎಂದು ಕೇಳಿದರೆ ‘ಏನಿಲ್ಲ’ ಎಂಬ ಉತ್ತರವೇ ಬರುತ್ತದೆ. ಬಸ್ ಸ್ಟ್ಯಾಂಡಿನ ಎದುರಿನ ಸಾಲಿನಲ್ಲಿ ಈಗ ಏನೇನಿದೆ, ನಮ್ಮ ಶಾಲೆಯಲ್ಲಿ ಈಗ ಯಾರ ಮಕ್ಕಳು ಓದುತ್ತಾರೆ, ಈ ವರ್ಷ ಹೊಲಕ್ಕೆ ಏನು ಹಾಕಿದರು, ಏಕೆ ಎಂದು ಗುರಿಯಿಟ್ಟು ಕೇಳಬೇಕು. ಊರಲ್ಲಿರುವವರು ಬೇಸರಿಸದೆ, ಉದ್ದಕ್ಕೆ ಹೇಳಬೇಕು. ಧ್ವನಿ ಸಂದೇಶಗಳನ್ನು ಅಳಿಸದೆ, ಹಳೆಯ ಪತ್ರಗಳನ್ನು ರದ್ದಿಗೆ ಹಾಕದೆ ಇಟ್ಟುಕೊಳ್ಳುವುದೂ ಇದೇ ಕೆಲಸದ ಭಾಗ. ಇದೇ ಜಿಲ್ಲೆಯ ಗೊಟಗೋಡಿಯಲ್ಲಿರುವ ಜಾನಪದ ವಿಶ್ವವಿದ್ಯಾಲಯದಂಥ ಸಂಸ್ಥೆ ಹಾಡು, ಕಥೆಗಳ ಜೊತೆಗೆ ಇಂಥ ಪತ್ರ, ಸಂಭಾಷಣೆಗಳನ್ನೂ ಮಾತಾಡಿದವರ ಒಪ್ಪಿಗೆ ಪಡೆದು ಸಂಗ್ರಹಿಸಿದರೆ ಅದಕ್ಕೆ ಹೊಂದುವ ಕೆಲಸವೇ ಆದೀತು. ಮುಂದಿನ ಜನಗಣತಿಯ ಅಂಕಿಗಳು ಹೊರಬಂದಾಗ ರಾಣೆಬೆನ್ನೂರು ಎಷ್ಟು ಬೆಳೆಯಿತು, ಬ್ಯಾಡಗಿಯಲ್ಲಿ ಎಷ್ಟು ಮನೆ ಹೆಚ್ಚಿದವು ಎಂದು ಎಲ್ಲರಿಗೂ ತಿಳಿಯುತ್ತದೆ. ಅದು ಹೇಗಾಯಿತು, ಯಾರಿಗೆ ಒಳ್ಳೆಯದಾಯಿತು, ಯಾರು ಊರು ಬಿಡಬೇಕಾಯಿತು ಎಂದು ಆಗ ಕೇಳುವವರಿಗೆ ಉತ್ತರ ಸಿಗಬೇಕಾದರೆ, ಈ ಹದಿನಾರು ವರ್ಷ ಇಬ್ಬಿಬ್ಬರೇ ಆಡಿಕೊಂಡ ಮಾತುಗಳನ್ನು ಉಳಿಸಿಕೊಂಡಿರಬೇಕು.