ಪಿಂಗ್ ಬರ್ತಿತ್ತು, ಆದ್ರೆ ಸರ್ವರ್ ನಿಂತಿತ್ತು

ನಮ್ಮ ಕೇಳುಗರು ಆಗಾಗ ಕೇಳೋ ಒಂದು ಪ್ರಶ್ನೆ ಇದೆ: ಲಿನಕ್ಸ್ ಸರ್ವರ್ ಕೈಕೊಟ್ಟರೆ ನಮಗೆ ಹೇಗೆ ಗೊತ್ತಾಗುತ್ತೆ? ಇವತ್ತು ಅದೇ ವಿಷಯ.

ಮೊದಲು ನನ್ನ ಎಡವಟ್ಟು ಹೇಳಿಬಿಡ್ತೀನಿ. ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿನ ಫೀಸ್ ಕಟ್ಟೋ ವೆಬ್‌ಸೈಟ್ ನೋಡಿಕೊಳ್ಳೋ ಕೆಲಸ ನನ್ನದಾಗಿತ್ತು. ನಿಗಾ ಇಡೋಕೆ ಜ್ಯಾಬಿಕ್ಸ್ ಹಾಕಿದ್ದೆ. ಪಿಂಗ್ ಹಸಿರು, ಆದ್ರೆ ಪಕ್ಕದಲ್ಲಿ ಏಜೆಂಟ್ ಗುರುತು ಮಾತ್ರ ಕೆಂಪು. ‘ಸರ್ವರ್ ಬದುಕಿದೆಯಲ್ಲ, ನಾಳೆ ನೋಡೋಣ’ ಅಂತ ಮಲಗಿದೆ. ಆ ರಾತ್ರಿ ಲಾಗ್ ಫೈಲ್‌ಗಳು ಬೆಳೆದು ಡಿಸ್ಕ್ ತುಂಬಿತು, ಡೇಟಾಬೇಸ್ ನಿಂತಿತು. ಬೆಳಗ್ಗೆ ಫೀಸ್ ಕಟ್ಟೋಕೆ ಕೊನೇ ದಿನ. ನನಗೆ ವಿಷಯ ಗೊತ್ತಾಗಿದ್ದು ಜ್ಯಾಬಿಕ್ಸ್‌ನಿಂದ ಅಲ್ಲ, ಒಬ್ಬ ವಿದ್ಯಾರ್ಥಿಯ ಅಪ್ಪ ಮಾಡಿದ ಫೋನ್‌ನಿಂದ. ಅಷ್ಟು ಹೊತ್ತೂ ಪಿಂಗ್ ಬರ್ತಾನೇ ಇತ್ತು.

ಜ್ಯಾಬಿಕ್ಸ್ ಅನ್ನೋದು ಉಚಿತ ತಂತ್ರಾಂಶ. ಲಾಟ್ವಿಯಾದ ಅಲೆಕ್ಸಿ ವ್ಲಾಡಿಶೆವ್ ಅದನ್ನ 2001ರಲ್ಲಿ ಎಲ್ಲರಿಗೂ ಬಿಟ್ಟರು. ಇದರಲ್ಲಿ ಎರಡು ಭಾಗ. ಒಂದು ಕಡೆ ಕೂತು ಪ್ರಶ್ನೆ ಕೇಳೋದು ಜ್ಯಾಬಿಕ್ಸ್ ಸರ್ವರ್. ನಿಗಾ ಬೇಕಾದ ಯಂತ್ರದಲ್ಲಿ ಕೂತು ಉತ್ತರ ಕೊಡೋದು ಏಜೆಂಟ್. ಏಜೆಂಟ್ ಕಾಯೋ ಪೋರ್ಟ್ 10050. ಡಿಸ್ಕ್ ಎಷ್ಟು ತುಂಬಿದೆ ಅಂತ ಹೇಳೋದು ಈ ಏಜೆಂಟ್. ಪಿಂಗ್‌ಗೆ ಅದೆಲ್ಲ ಗೊತ್ತಿಲ್ಲ.

ಉಬುಂಟುನಲ್ಲಿ ಹಾಕೋದು ಕಷ್ಟ ಏನಿಲ್ಲ. ಜ್ಯಾಬಿಕ್ಸ್‌ನವರ ರೆಪಾಸಿಟರಿ ಸೇರಿಸಿ, ಆಪ್ಟ್‌ನಿಂದ ಇನ್‌ಸ್ಟಾಲ್ ಮಾಡಿ, ಡೇಟಾಬೇಸ್ ಮಾಡಿ, ಅವರು ಕೊಡೋ ಟೇಬಲ್‌ಗಳನ್ನ ಅದಕ್ಕೆ ತುಂಬಬೇಕು. ತುಂಬಾ ಜನ ಇಲ್ಲೇ ಎಡವೋದು: ಡೇಟಾಬೇಸ್ ಪಾಸ್‌ವರ್ಡನ್ನ ಬ್ರೌಸರ್ ಪುಟದಲ್ಲಿ ಕೊಡ್ತಾರೆ, ಜ್ಯಾಬಿಕ್ಸ್ ಸರ್ವರ್‌ನ ಕಾನ್ಫಿಗ್ ಫೈಲ್‌ನಲ್ಲಿ ಬರೆಯೋದು ಮರೀತಾರೆ. ಆಗ ಪುಟವೇನೋ ತೆರೆಯುತ್ತೆ, ‘ಜ್ಯಾಬಿಕ್ಸ್ ಸರ್ವರ್ ಓಡ್ತಿಲ್ಲ’ ಅಂತ ಎಚ್ಚರಿಕೆ ಕಾಣುತ್ತೆ. ಗೂಗಲ್ ಮಾಡೋಕೆ ಮುಂಚೆ ವಾರ್, ಲಾಗ್, ಜ್ಯಾಬಿಕ್ಸ್ ಫೋಲ್ಡರ್‌ನಲ್ಲಿರೋ ಲಾಗ್ ಓದಿ. ಕಾರಣ ಅಲ್ಲೇ ಬರೆದಿರುತ್ತೆ.

ಈಗ ಕೆಂಪು ಗುರುತಿನ ಕಥೆ. ಜ್ಯಾಬಿಕ್ಸ್ ಗೆಟ್ ಅಂತ ಒಂದು ಪುಟ್ಟ ಟೂಲ್ ಇದೆ, ಬೇರೆ ಪ್ಯಾಕೇಜ್ ಆಗಿ ಹಾಕ್ಕೋಬೇಕು. ಜ್ಯಾಬಿಕ್ಸ್ ಸರ್ವರ್ ಮೇಲೆ ಕೂತು, ಹೈಫನ್ ಎಸ್ ಮುಂದೆ ಏಜೆಂಟ್ ಇರೋ ಯಂತ್ರದ ಐಪಿ, ಹೈಫನ್ ಕೆ ಮುಂದೆ ಏಜೆಂಟ್ ಡಾಟ್ ಪಿಂಗ್ ಅಂತ ಕೊಡಿ. ಉತ್ತರವಾಗಿ 1 ಬಂದ್ರೆ ದಾರಿ ಸರಿ ಇದೆ. ಬರದಿದ್ರೆ, ಹೇಗೆ ಬರಲಿಲ್ಲ ಅನ್ನೋದನ್ನ ಗಮನಿಸಿ.

ತಕ್ಷಣ ‘ಕನೆಕ್ಷನ್ ರೆಫ್ಯೂಸ್ಡ್’ ಅಂತ ಬಂದ್ರೆ, ಮನೆ ಸಿಕ್ಕಿದೆ, ಒಳಗೆ ಆ ಹೆಸರಿನವರು ಇಲ್ಲ. ಏಜೆಂಟ್ ಶುರುವಾಗಿಲ್ಲ, ಇಲ್ಲಾ ಬೇರೆ ವಿಳಾಸದಲ್ಲಿ ಕಾಯ್ತಿದೆ. ತುಂಬಾ ಹೊತ್ತು ಸುಮ್ಮನಿದ್ದು ಆಮೇಲೆ ಟೈಮ್‌ಔಟ್ ಆದ್ರೆ, ಹೆಚ್ಚಿನ ಸಲ ಗೇಟ್‌ನಲ್ಲಿರೋ ಕಾವಲುಗಾರ ನಿಮ್ಮ ಚೀಟಿಯನ್ನ ಒಳಗೆ ಕೊಡದೆ ಜೇಬಿಗೆ ಹಾಕ್ಕೊಂಡಿದ್ದಾನೆ. ಅಂದ್ರೆ ಫೈರ್‌ವಾಲ್. 10050 ಪೋರ್ಟನ್ನ ಜ್ಯಾಬಿಕ್ಸ್ ಸರ್ವರ್‌ನ ಐಪಿಗೆ ಮಾತ್ರ ತೆರೀರಿ. ದಯವಿಟ್ಟು ಊರಿಗೆಲ್ಲಾ ತೆರೀಬೇಡಿ. ಕ್ಲೌಡ್‌ನಲ್ಲಿದ್ರೆ ಅವರ ಫೈರ್‌ವಾಲ್ ಬೇರೆ ಇರುತ್ತೆ, ಎರಡನ್ನೂ ನೋಡಿ.

ಮೂರನೇದು ನನ್ನನ್ನ ಕೆಡವಿದ್ದು. ಬಾಗಿಲು ತೆರೀತು, ಮುಖ ನೋಡಿದ್ರು, ಮುಚ್ಚಿಬಿಟ್ರು. ಜ್ಯಾಬಿಕ್ಸ್ ಭಾಷೇಲಿ ಇದು ‘ಖಾಲಿ ಉತ್ತರ ಬಂತು, ಬಹುಶಃ ಅನುಮತಿ ಇಲ್ಲ’ ಅನ್ನೋ ಸಂದೇಶ. ಏಜೆಂಟ್‌ನ ಕಾನ್ಫಿಗ್ ಫೈಲ್‌ನಲ್ಲಿ ‘ಸರ್ವರ್’ ಅಂತ ಒಂದು ಸಾಲಿದೆ, ಯಾರು ಪ್ರಶ್ನೆ ಕೇಳಬಹುದು ಅನ್ನೋ ಪಟ್ಟಿ ಅದು. ಇನ್‌ಸ್ಟಾಲ್ ಆದಾಗ ಅಲ್ಲಿರೋದು 127.0.0.1, ಅಂದ್ರೆ ತನ್ನನ್ನ ತಾನು ಮಾತ್ರ. ನಾನು ಐಪಿ ಬದಲಿಸಿದ್ದೆ, ಆದ್ರೆ ಹ್ಯಾಶ್ ಗುರುತು ಇರೋ ಸಾಲಿನಲ್ಲಿ! ಅದು ಬರೀ ಟಿಪ್ಪಣಿ, ಏಜೆಂಟ್ ಅದನ್ನ ಓದೋದೇ ಇಲ್ಲ. ಇನ್ನೊಂದು ಮೋಸ: ಜ್ಯಾಬಿಕ್ಸ್ ಸರ್ವರ್ ನ್ಯಾಟ್ ಹಿಂದೆ ಇದ್ರೆ ಏಜೆಂಟ್‌ಗೆ ಕಾಣೋ ಐಪಿನೇ ಬೇರೆ. ಊಹೆ ಮಾಡೋದು ಬೇಡ. ಏಜೆಂಟ್‌ನ ಲಾಗ್‌ನಲ್ಲಿ ‘ರಿಜೆಕ್ಟೆಡ್’ ಅಂತ ಹುಡುಕಿ, ಯಾವ ಐಪಿಯನ್ನ ವಾಪಸ್ ಕಳಿಸಿದೆ ಅಂತ ಅದೇ ಹೇಳುತ್ತೆ. ಅದನ್ನ ಪಟ್ಟಿಗೆ ಸೇರಿಸಿ ಏಜೆಂಟನ್ನ ರೀಸ್ಟಾರ್ಟ್ ಮಾಡಿ. ಫೈಲ್ ಸೇವ್ ಮಾಡಿದ್ರೆ ಮಾತ್ರ ಸಾಲದು.

ಗುರುತು ಹಸಿರಾದ ಮೇಲೂ ನಾನೀಗ ಒಂದು ಕೆಲಸ ಮಾಡ್ತೀನಿ. ಪರೀಕ್ಷೆಗೆ ಇಟ್ಟಿರೋ ಯಂತ್ರದಲ್ಲಿ ಎಫ್‌ಅಲೊಕೇಟ್ ಕಮಾಂಡ್‌ನಿಂದ ದೊಡ್ಡದೊಂದು ಖಾಲಿ ಫೈಲ್ ಮಾಡಿ ಡಿಸ್ಕ್ ತುಂಬಿಸ್ತೀನಿ, ಆಮೇಲೆ ಫೋನ್ ಹಿಡ್ಕೊಂಡು ಕಾಯ್ತೀನಿ. ಎಚ್ಚರಿಕೆ ಮೆಸೇಜ್ ಬಂದ್ರೆ ಫೈಲ್ ಅಳಿಸಿ ಮಲಗ್ತೀನಿ. ಬರದಿದ್ರೆ ಆ ರಾತ್ರಿ ನಿದ್ದೆ ಇಲ್ಲ, ‘ನಾಳೆ ನೋಡೋಣ’ ಅನ್ನೋದೂ ಇಲ್ಲ.