ಗಾಲಿಯ ಮೇಲಿನ ಮನೆ ಬೆಟ್ಟದ ದಾರಿಯಲ್ಲಿ ನಿಂತಾಗ

ಕ್ಯಾರವಾನ್ ವಾಹನಗಳ ವಿದ್ಯುತ್ ಹಾಗೂ ಯಾಂತ್ರಿಕ ದೋಷಗಳ ಪತ್ತೆ: ಮಾಲೀಕರಿಗೂ ಗ್ಯಾರೇಜುಗಳಿಗೂ ಸಲ್ಲುವ ಒಂದು ಲೆಕ್ಕಾಚಾರ

ವರ್ಷಾಂತ್ಯದಲ್ಲಿ ತಾಳೆಪಟ್ಟಿಯ ಎರಡು ಬದಿಗಳು ಹೊಂದದೆ ಹೋದಾಗ ಅನುಭವಿ ಗುಮಾಸ್ತನು ಎಲ್ಲ ವಹಿಗಳನ್ನೂ ಹೊಸದಾಗಿ ಬರೆಯಲು ಕೂರುವುದಿಲ್ಲ. ವ್ಯತ್ಯಾಸದ ಮೊತ್ತವೆಷ್ಟು, ಅದು ಯಾವ ತಿಂಗಳಿನಲ್ಲಿ ಹುಟ್ಟಿತು, ಯಾವ ಖಾತೆಯಲ್ಲಿ ಅಡಗಿದೆ ಎಂದು ಹಂತಹಂತವಾಗಿ ಹುಡುಕಾಟದ ವ್ಯಾಪ್ತಿಯನ್ನು ಕಿರಿದುಗೊಳಿಸುತ್ತಾನೆ. ಅಂಗಡಿಯಲ್ಲಿ ಈ ಶಿಸ್ತನ್ನು ತಪ್ಪದೆ ಪಾಲಿಸುವ ವರ್ತಕರೇ ಕೆಟ್ಟು ನಿಂತ ವಾಹನದ ಮುಂದೆ ಅದನ್ನು ಮರೆಯುವುದುಂಟು. ಬ್ಯಾಟರಿ ಬದಲಿಸಿ ನೋಡುವುದು, ಆಗದಿದ್ದರೆ ಡೈನಮೊ ಬದಲಿಸುವುದು, ಅದೂ ಆಗದಿದ್ದರೆ ಸೆಲ್ಫ್ ಮೋಟಾರ್ ಬಿಚ್ಚುವುದು, ಹೀಗೆ ದೋಷ ಸಿಗುವ ಮೊದಲೇ ಹಣ ಕೈಬಿಡುತ್ತದೆ.

ಮಲಗಲು, ಅಡುಗೆ ಮಾಡಲು ಅನುಕೂಲವಿರುವ ಕ್ಯಾರವಾನ್ ವಾಹನಗಳಿಗೆ ಕರ್ನಾಟಕದಲ್ಲಿ ಬೇಡಿಕೆ ಕಾಣಿಸಿಕೊಂಡಿದೆ. ರಾಜ್ಯ ಸರ್ಕಾರದ 2020ರ ಪ್ರವಾಸೋದ್ಯಮ ನೀತಿಯು ಕ್ಯಾರವಾನ್ ಪ್ರವಾಸಕ್ಕೂ ಎಡೆ ಕಲ್ಪಿಸಿತು. ಟೆಂಪೊ ಟ್ರಾವೆಲರ್‌ನಂತಹ ವಾಹನಗಳನ್ನು ಕೊಂಡು, ಒಳಗೆ ಹಾಸಿಗೆ, ಫ್ರಿಜ್, ನೀರಿನ ಟ್ಯಾಂಕು, ಇನ್ವರ್ಟರ್ ಅಳವಡಿಸಿ ಬಾಡಿಗೆಗೆ ಬಿಡುವುದು ಸಣ್ಣ ಉದ್ಯಮಿಗಳಿಗೆ ಸಾಧ್ಯವಾದ ವ್ಯವಹಾರವೇ ಆಗಿದೆ. ಇಂತಹ ವಾಹನಕ್ಕೆ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ರಸ್ತೆಗಳು ನಿಜವಾದ ಪರೀಕ್ಷೆಯ ತಾಣಗಳು.

ಮೂರು ತಾಲ್ಲೂಕು, ಮೂರು ಬಗೆಯ ದಾರಿ

ಬೆಂಗಳೂರಿನಿಂದ ಕೊಯಮತ್ತೂರಿಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 948 ಹಾಗೂ ಕೋಳಿಕ್ಕೋಡಿನಿಂದ ಮೈಸೂರಿನ ಮೂಲಕ ಬರುವ ಹೆದ್ದಾರಿ 766, ಇವೆರಡೂ ಕೊಳ್ಳೇಗಾಲವನ್ನು ತಲುಪುತ್ತವೆ. ಭರಚುಕ್ಕಿಗೆ ಬರುವ ಪ್ರವಾಸಿಗರಿಗೂ ಇದೇ ನೆಲೆ. ಇಲ್ಲಿಯವರೆಗೆ ದಾರಿ ಸುಗಮವೆಂದೇ ಹೇಳಬಹುದು. ಮುಂದೆ ಹನೂರನ್ನು ದಾಟಿ, ತಾಳಬೆಟ್ಟದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಏರುವ ರಸ್ತೆ ತಿರುವುಗಳಿಂದ ಕೂಡಿದ್ದು. ಶಿವರಾತ್ರಿ, ಯುಗಾದಿ, ದೀಪಾವಳಿ ಜಾತ್ರೆಗಳಲ್ಲಿ ವಾಹನಗಳು ಒಂದರ ಹಿಂದೊಂದು ಆಮೆ ನಡಿಗೆಯಲ್ಲಿ ಏರಬೇಕಾಗುತ್ತದೆ. ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವ ದಾರಿಯೋ ಗುಂಬಳ್ಳಿಯ ತನಿಖಾ ಠಾಣೆಯನ್ನು ದಾಟಿದ ಮೇಲೆ ಕಾಡಿನೊಳಗಿನದು. ಈ ಅರಣ್ಯವು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾಗಿದ್ದು, ಆನೆ ಓಡಾಡುವ ರಸ್ತೆಯಲ್ಲಿ ವಾಹನ ಕೆಟ್ಟು ನಿಂತರೆ ಅದು ಕೇವಲ ಖರ್ಚಿನ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಎರಡು ಖಾತೆಗಳನ್ನು ಬೆರೆಸಬಾರದು

ಸಾಮಾನ್ಯ ವ್ಯಾನಿಗೂ ಕ್ಯಾರವಾನ್‌ಗೂ ಇರುವ ಮುಖ್ಯ ವ್ಯತ್ಯಾಸವೆಂದರೆ ವಿದ್ಯುತ್ತಿನ ಎರಡು ಪ್ರತ್ಯೇಕ ವ್ಯವಸ್ಥೆಗಳು. ಎಂಜಿನ್ ಚಾಲೂ ಮಾಡಲು ಒಂದು ಬ್ಯಾಟರಿ, ಮನೆಯ ಭಾಗದ ದೀಪ, ಫ್ಯಾನು, ಪಂಪುಗಳಿಗೆ ಇನ್ನೊಂದು. ಇವೆರಡರ ನಡುವೆ ಒಂದು ರಿಲೇ ಅಥವಾ ಚಾರ್ಜರ್ ಇದ್ದು, ಎಂಜಿನ್ ಓಡುವಾಗ ಮಾತ್ರ ಎರಡನ್ನೂ ಜೋಡಿಸುತ್ತದೆ. ಮಾಲೀಕನ ಸ್ವಂತ ಖರ್ಚನ್ನೂ ಅಂಗಡಿಯ ಖರ್ಚನ್ನೂ ಬೇರೆ ಬೇರೆ ಬರೆಯುವಂತೆಯೇ ಇದು. ರಿಲೇ ಅಂಟಿಕೊಂಡು ಎರಡೂ ಸದಾ ಜೋಡಿಯಾಗಿಯೇ ಉಳಿದರೆ, ರಾತ್ರಿಯಿಡೀ ಓಡಿದ ಫ್ರಿಜ್ ಬೆಳಗ್ಗೆ ಎಂಜಿನ್ನನ್ನೂ ಮಲಗಿಸುತ್ತದೆ. ಆದುದರಿಂದ ವಾಹನ ಚಾಲೂ ಆಗದಿದ್ದಾಗ ಕೇಳಬೇಕಾದ ಮೊದಲ ಪ್ರಶ್ನೆ, ದೋಷ ಯಾವ ಖಾತೆಯಲ್ಲಿದೆ ಎಂಬುದು.

ಉತ್ತರ ಹುಡುಕಲು ಕೆಲವು ನೂರು ರೂಪಾಯಿಗಳ ಮಲ್ಟಿಮೀಟರ್ ಸಾಕು. ವಾಹನ ಕೆಲವು ಗಂಟೆ ವಿಶ್ರಾಂತಿಯಲ್ಲಿದ್ದಾಗ ಆಮ್ಲದ ಬ್ಯಾಟರಿಯ ಎರಡು ತುದಿಗಳ ನಡುವೆ 12.6 ವೋಲ್ಟ್ ಅಥವಾ ತುಸು ಹೆಚ್ಚಿದ್ದರೆ ಅದು ತುಂಬಿದೆ. 12.2 ಇದ್ದರೆ ಅರ್ಧ ಮಾತ್ರ ಉಳಿದಿದೆ. 12ಕ್ಕಿಂತ ಕೆಳಗಿಳಿದಿದ್ದರೆ ಬಹುಮಟ್ಟಿಗೆ ಬರಿದಾಗಿದೆ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4 ವೋಲ್ಟ್ ತೋರಿಸಬೇಕು. ಓಡುವಾಗಲೂ 12.3ರಲ್ಲೇ ನಿಂತಿದ್ದರೆ ಡೈನಮೊ, ಅದರ ಬೆಲ್ಟು ಅಥವಾ ಅದರಿಂದ ಬರುವ ತಂತಿಯನ್ನು ಅನುಮಾನಿಸಬೇಕೇ ಹೊರತು ಬ್ಯಾಟರಿಯನ್ನಲ್ಲ.

ಮೂರನೆಯ ಅಳತೆಯೇ ಹೆಚ್ಚು ಹಣ ಉಳಿಸುವುದು. ಸಹಾಯಕನು ಸೆಲ್ಫ್ ಹೊಡೆಯುತ್ತಿರುವಾಗ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೂ ಇಡಬೇಕು. ಸರಿಯಾದ ಅರ್ತ್ ಪಟ್ಟಿ ಇದ್ದಲ್ಲಿ ಈ ವ್ಯತ್ಯಾಸ ಸುಮಾರು 0.2 ವೋಲ್ಟ್ ಮೀರುವುದಿಲ್ಲ. ಒಂದು ವೋಲ್ಟ್ ಕಂಡುಬಂದರೆ ಅರ್ತ್ ಪಟ್ಟಿಯ ಬೋಲ್ಟು ತುಕ್ಕು ಹಿಡಿದಿದೆ ಅಥವಾ ಸಡಿಲವಾಗಿದೆ ಎಂದರ್ಥ. ಸೆಲ್ಫ್ ಹೊಡೆದಾಗ 'ಟಕ್' ಎಂಬ ಸದ್ದು ಮಾತ್ರ ಬಂದು ಎಂಜಿನ್ ತಿರುಗದಿರುವ ಎಷ್ಟೋ ಪ್ರಕರಣಗಳು ಉಪ್ಪು ಕಾಗದದಿಂದ ಉಜ್ಜಿ ಬೋಲ್ಟನ್ನು ಬಿಗಿಗೊಳಿಸುವುದರಲ್ಲಿಯೇ ಮುಗಿಯುತ್ತವೆ.

ವಿದ್ಯುತ್ತಿಗೂ ಜಮಾ-ಖರ್ಚು ಬೇಕು

ಮನೆಯ ಭಾಗದ ಬ್ಯಾಟರಿಯ ಬಗ್ಗೆ ಬರುವ ದೂರುಗಳಲ್ಲಿ ಹೆಚ್ಚಿನವು ದೋಷಗಳೇ ಅಲ್ಲ, ಆಯವ್ಯಯದ ಕೊರತೆಗಳು. ಒಂದು ದಿನದ ಖರ್ಚನ್ನು ಬರೆದು ನೋಡಬಹುದು. ಸಣ್ಣ ಫ್ರಿಜ್ 4 ಆಂಪಿಯರ್ ಎಳೆದು ದಿನದ ಅರ್ಧ ಹೊತ್ತು ಓಡಿದರೆ 48 ಆಂಪಿಯರ್-ಗಂಟೆ. ಒಂದೂವರೆ ಆಂಪಿಯರಿನ ಫ್ಯಾನು ಹತ್ತು ಗಂಟೆಗೆ 15. ದೀಪಗಳಿಗೆ 6, ನೀರಿನ ಪಂಪಿಗೆ 3. ಒಟ್ಟು 72. ಆಮ್ಲದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಆಯುಸ್ಸು ಬೇಗ ಕುಗ್ಗುವುದರಿಂದ, 150 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ನಂಬಿ ಖರ್ಚು ಮಾಡಬಹುದಾದುದು 75 ಮಾತ್ರ. ಅಂದರೆ ಬೆಟ್ಟದ ಮೇಲೆ ನಿಂತಲ್ಲೇ ನಿಂತರೆ ಒಂದು ದಿನದ ಬಂಡವಾಳವಷ್ಟೇ. 'ಕೂತು ತಿಂದರೆ ಕುಡಿಕೆ ಹೊನ್ನು ಸಾಲದು' ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ. ಚಾವಣಿಯ ಮೇಲೆ 200 ವ್ಯಾಟಿನ ಸೌರ ಫಲಕವಿದ್ದು ಒಳ್ಳೆಯ ಬಿಸಿಲು ಬಿದ್ದರೆ ದಿನಕ್ಕೆ ಸುಮಾರು 50ರಿಂದ 60 ಆಂಪಿಯರ್-ಗಂಟೆ ಜಮಾ ಆಗಬಹುದು; ಮರದ ನೆರಳಿನಲ್ಲಿ ನಿಲ್ಲಿಸಿದರೆ ಅದೂ ಇಲ್ಲ.

ಭಾರತ್ ಸ್ಟೇಜ್ 6 ಮಾನದಂಡ ಜಾರಿಗೆ ಬಂದ 2020ರ ಏಪ್ರಿಲ್ ನಂತರದ ಹಲವು ವಾಹನಗಳಲ್ಲಿ ಡೈನಮೊದ ಉತ್ಪಾದನೆಯನ್ನು ಗಣಕವೇ ಏರಿಳಿಸುತ್ತದೆ. ಅಂತಹವುಗಳಲ್ಲಿ ಹಳೆಯ ಬಗೆಯ ರಿಲೇ ಸಾಲದೆ ಮನೆಯ ಬ್ಯಾಟರಿ ಎಂದಿಗೂ ಪೂರ್ತಿ ತುಂಬದೆ ಉಳಿಯಬಹುದು. ಇದಕ್ಕೆಂದೇ ಇರುವ ಡಿಸಿ-ಡಿಸಿ ಚಾರ್ಜರ್ ಅಳವಡಿಸುವುದು ಪರಿಹಾರವೇ ಹೊರತು ಮತ್ತೊಂದು ಬ್ಯಾಟರಿ ಕೊಳ್ಳುವುದಲ್ಲ.

ಸಣ್ಣ ತಂತಿಯ ದೊಡ್ಡ ನಷ್ಟ

ಒಳಾಂಗಣ ಮಾಡಿಸುವಾಗ ಮರದ ಕೆಲಸಕ್ಕೆ ಧಾರಾಳವಾಗಿ ಖರ್ಚು ಮಾಡಿ ತಂತಿಯಲ್ಲಿ ಉಳಿತಾಯ ಹುಡುಕುವುದು ಅಪಾಯಕರ. ಸಾವಿರ ವ್ಯಾಟಿನ ಇನ್ವರ್ಟರ್ ಪೂರ್ಣ ಹೊರೆಯಲ್ಲಿ 12 ವೋಲ್ಟ್ ಬ್ಯಾಟರಿಯಿಂದ ಸುಮಾರು 92 ಆಂಪಿಯರ್ ಎಳೆಯುತ್ತದೆ. ಹೋಗಿಬರುವ ತಂತಿ ಆರು ಮೀಟರ್ ಇದ್ದು, ದಪ್ಪ 10 ಚದರ ಮಿ.ಮೀ. ಮಾತ್ರವಿದ್ದರೆ ಒಂದು ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಹಾಸಿಗೆಯ ಕೆಳಗೆ ಸಾಗುವ ಆ ತಂತಿ ತೊಂಬತ್ತು ವ್ಯಾಟಿಗೂ ಹೆಚ್ಚು ಶಾಖವನ್ನು ಹೊರಸೂಸುತ್ತದೆ. 35 ಚದರ ಮಿ.ಮೀ. ತಂತಿಯಲ್ಲಿ ಈ ನಷ್ಟ 0.3 ವೋಲ್ಟಿಗೆ ಇಳಿಯುತ್ತದೆ. 'ಇನ್ವರ್ಟರ್ ಕೂಗಿಕೊಂಡು ನಿಂತುಹೋಗುತ್ತದೆ' ಎಂಬ ದೂರು ಬಂದಾಗ ಇನ್ವರ್ಟರನ್ನು ಬಿಚ್ಚುವ ಮೊದಲು ತಂತಿಯನ್ನು ಕೈಯಿಂದ ಮುಟ್ಟಿ ಬಿಸಿಯಾಗಿದೆಯೇ ಎಂದು ನೋಡುವುದು ಒಳಿತು. ಫ್ಯೂಸನ್ನು ಬ್ಯಾಟರಿಯ ಧನ ತುದಿಗೆ ಆದಷ್ಟು ಸಮೀಪದಲ್ಲೇ ಇಡಬೇಕು. ಸುಟ್ಟ ಫ್ಯೂಸಿನ ಜಾಗಕ್ಕೆ ತಾಮ್ರದ ಎಳೆ ಸುತ್ತುವ ಅಭ್ಯಾಸವನ್ನು ಸಂಪೂರ್ಣವಾಗಿ ಬಿಡಬೇಕು. 230 ವೋಲ್ಟ್ ಭಾಗಕ್ಕೆ 30 ಮಿಲಿಆಂಪಿಯರಿನ ಇಎಲ್‌ಸಿಬಿ ಇರಲೇಬೇಕು. ವಸತಿಗೃಹದ ಪ್ಲಗ್ಗಿನಿಂದ ವಿದ್ಯುತ್ ಪಡೆಯುವಾಗ ಅಲ್ಲಿಯ ಅರ್ತ್ ಸರಿಯಿದೆಯೇ ಎಂದು ಮೊದಲು ಪರೀಕ್ಷಿಸಬೇಕು.

ಅಡುಗೆ ಅನಿಲವು ಗಾಳಿಗಿಂತ ಭಾರ. ಸೋರಿದ ಅನಿಲ ಮೇಲಿನ ಕಿಟಕಿಯಿಂದ ಹೊರಹೋಗದೆ ನೆಲದಲ್ಲೇ ಸೇರಿಕೊಳ್ಳುತ್ತದೆ. ಆದುದರಿಂದ ಸಿಲಿಂಡರ್ ಇಡುವ ಗೂಡಿನ ತಳದಲ್ಲಿ ಹೊರಕ್ಕೆ ತೆರೆದ ರಂಧ್ರವಿರಬೇಕು. ಬ್ಯಾಟರಿಯನ್ನು ಅದೇ ಗೂಡಿನಲ್ಲಿ ಇಡಬಾರದು. ಸೋರಿಕೆಯನ್ನು ಸಾಬೂನು ನೀರಿನಿಂದ ಪತ್ತೆ ಮಾಡಬೇಕು, ಬೆಂಕಿಕಡ್ಡಿಯಿಂದಲ್ಲ.

ಏರುವಾಗ ಎಂಜಿನ್, ಇಳಿಯುವಾಗ ಬ್ರೇಕು

ತಾಳಬೆಟ್ಟದ ಏರಿನಲ್ಲಿ ಉಷ್ಣಮಾಪಕದ ಮುಳ್ಳು ಮೇಲೇರಿದರೆ ಮೊದಲು ಏಸಿ ನಿಲ್ಲಿಸಿ, ಸುರಕ್ಷಿತವಾದ ಅಗಲ ಜಾಗದಲ್ಲಿ ನಿಂತು, ಎಂಜಿನ್ನನ್ನು ಸ್ವಲ್ಪ ಹೊತ್ತು ನಿಧಾನಗತಿಯಲ್ಲಿ ಓಡಗೊಡಬೇಕು. ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬಾರದು. ತಣ್ಣಗಾದ ಮೇಲೆ ನೋಡುವ ಕ್ರಮ ಹೀಗೆ: ಕೂಲೆಂಟ್ ಮಟ್ಟ, ಹೋಸುಗಳು, ಬೆಲ್ಟು, ಫ್ಯಾನು, ಧೂಳು ಮುಚ್ಚಿದ ರೇಡಿಯೇಟರಿನ ಜಾಲರಿ, ಕೊನೆಯಲ್ಲಿ ಥರ್ಮೋಸ್ಟಾಟ್. ಕಣ್ಣಿಗೆ ಕಾಣುವುದು ಮೊದಲು, ಬಿಚ್ಚಿ ನೋಡಬೇಕಾದುದು ಆಮೇಲೆ.

ಇಳಿಜಾರಿನ ಲೆಕ್ಕ ಇನ್ನೂ ಗಂಭೀರ. ನಾಲ್ಕು ಟನ್ ತೂಕದ ವಾಹನ 500 ಮೀಟರ್ ಎತ್ತರದಿಂದ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಸುಮಾರು ಐದೂವರೆ ಯೂನಿಟ್ ವಿದ್ಯುತ್ತಿಗೆ ಸಮ. ಅದನ್ನೆಲ್ಲ ಬ್ರೇಕಿನ ಮೇಲೇ ಹಾಕಿದರೆ ಡ್ರಮ್ಮು, ಡಿಸ್ಕುಗಳು ಕಾಯುತ್ತವೆ, ಲೈನಿಂಗ್ ಹಿಡಿತ ಕಳೆದುಕೊಳ್ಳುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ಗುಣದ್ದು. ಡಾಟ್ 4 ದರ್ಜೆಯ ಆಯಿಲ್ಲಿಗೆ ಮಾನದಂಡವು ವಿಧಿಸಿರುವ ಕನಿಷ್ಠ ಕುದಿಬಿಂದು ಹೊಸದಾಗಿದ್ದಾಗ 230 ಡಿಗ್ರಿ ಸೆಲ್ಸಿಯಸ್. ತೇವ ಹೀರಿದ ಮೇಲೆ 155 ಮಾತ್ರ. ಕುದಿದ ಆಯಿಲ್ಲಿನಲ್ಲಿ ಆವಿಯ ಗುಳ್ಳೆಗಳೆದ್ದು ಪೆಡಲ್ ನೆಲಕ್ಕೆ ಹೋಗುತ್ತದೆ, ವಾಹನ ನಿಲ್ಲುವುದಿಲ್ಲ. ಏರಿದ ಗೇರಿನಲ್ಲಿಯೇ ಇಳಿಯಬೇಕು ಎಂಬ ಹಳೆಯ ಚಾಲಕರ ಮಾತು ಇದೇ ಕಾರಣಕ್ಕೆ. ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡಿ ಡೀಸೆಲ್ ಉಳಿಸುವ ಪ್ರಯತ್ನ ಬ್ರೇಕಿನ ಬೂಸ್ಟರ್ ಬಲವನ್ನೇ ಕಸಿದುಕೊಳ್ಳುತ್ತದೆ. ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸುವ ಖರ್ಚು ಉಳಿಸಬಾರದ ಖರ್ಚು.

ತೂಕವನ್ನೂ ಮರೆಯುವಂತಿಲ್ಲ. ನೂರು ಲೀಟರ್ ನೀರೆಂದರೆ ನೂರು ಕಿಲೋ. ಪ್ಲೈವುಡ್, ಬ್ಯಾಟರಿ, ಸಿಲಿಂಡರ್, ಏಸಿ ಸೇರಿದ ಮೇಲೆ ವಾಹನವನ್ನು ತೂಕದ ಸೇತುವೆಯ ಮೇಲೆ ಒಮ್ಮೆ ನಿಲ್ಲಿಸಿ, ನೋಂದಣಿ ಪತ್ರದಲ್ಲಿರುವ ಮಿತಿಯೊಡನೆ ಹೋಲಿಸಬೇಕು. ಕ್ಯಾರವಾನ್‌ಗಳು ಹೆಚ್ಚು ದಿನ ನಿಂತೇ ಇರುವುದರಿಂದ ಟೈರು ಸವೆಯುವ ಮೊದಲೇ ಹಳತಾಗುತ್ತದೆ. ಟೈರಿನ ಬದಿಯಲ್ಲಿರುವ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ತಿಳಿಸುತ್ತವೆ. 3521 ಎಂದಿದ್ದರೆ 2021ರ 35ನೆಯ ವಾರ.

ಒಂದು ಕಲ್ಪಿತ ಲೆಕ್ಕ

ದಿನಕ್ಕೆ 8,000 ರೂ. ಬಾಡಿಗೆಯ ವಾಹನವೊಂದು ಮೂರು ದಿನಗಳ ಶಿವರಾತ್ರಿ ಪ್ರಯಾಣದ ಮೊದಲ ಬೆಳಗ್ಗೆ ಚಾಲೂ ಆಗಲಿಲ್ಲ ಎಂದುಕೊಳ್ಳೋಣ. ಹಿಂದಿರುಗಿಸಿದ ಬಾಡಿಗೆ 24,000 ರೂ., ಕೊಳ್ಳೇಗಾಲಕ್ಕೆ ಎಳೆತಂದ ಖರ್ಚು 6,000, ಊಹೆಯಿಂದ ಹಾಕಿದ ಹೊಸ ಬ್ಯಾಟರಿ 9,000, ಅದರಿಂದಲೂ ಆಗದೆ ಬದಲಿಸಿದ ಡೈನಮೊ 14,000, ಕೊನೆಗೆ ಸಿಕ್ಕ ನಿಜವಾದ ದೋಷವಾದ ಅರ್ತ್ ಪಟ್ಟಿಗೆ ಕೂಲಿ ಸೇರಿ 700. ಒಟ್ಟು 53,700 ರೂ. ಕ್ರಮವಾಗಿ ಅಳೆದಿದ್ದರೆ ಅರ್ಧ ಗಂಟೆಯ ಹೊತ್ತು ಮತ್ತು ಆ 700 ರೂಪಾಯಿಗಳಲ್ಲಿ ಪ್ರಯಾಣ ಮುಂದುವರಿಯುತ್ತಿತ್ತು. ಮೊತ್ತಗಳು ಉದಾಹರಣೆಗಷ್ಟೇ ಆದರೂ ಅವುಗಳ ಪ್ರಮಾಣ ವಾಸ್ತವಕ್ಕೆ ದೂರವಲ್ಲ.

ಕಾನೂನು ಮತ್ತು ತೆರಿಗೆಯ ಕಡೆ

ಮೋಟಾರು ವಾಹನ ಕಾಯ್ದೆ, 1988ರ 52ನೆಯ ಕಲಮು ನೋಂದಣಿ ಪತ್ರದ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ನಿರ್ಬಂಧವನ್ನು ಎತ್ತಿಹಿಡಿಯಿತು. ಅನುಮತಿಯಿಲ್ಲದ ಮಾರ್ಪಾಟು ಅಪಘಾತದ ನಂತರ ವಿಮೆಯ ಹಣಕ್ಕೂ ತೊಡಕಾಗಬಹುದು. ಕ್ಯಾಂಪರ್ ವ್ಯಾನ್‌ಗಳಲ್ಲಿ ಖಾಸಗಿ ಬಳಕೆಯವು ಮತ್ತು ಬಾಡಿಗೆಯವು ಬೇರೆ ಬೇರೆ ವರ್ಗಕ್ಕೆ ಸೇರುವುದರಿಂದ, ಯಾವ ವರ್ಗದಲ್ಲಿ ನೋಂದಾಯಿಸಬೇಕೆಂಬುದನ್ನು ಕೊಳ್ಳುವ ಮೊದಲೇ ತೀರ್ಮಾನಿಸಿಕೊಳ್ಳಬೇಕು.

ಇದ್ದ ಬ್ಯಾಟರಿಗೆ ಬದಲಾಗಿ ಅಂತಹುದೇ ಬ್ಯಾಟರಿ ಹಾಕಿದರೆ ಅದು ದುರಸ್ತಿಯ ಖರ್ಚು. ಹೊಸದಾಗಿ ಸೌರ ಫಲಕ ಮತ್ತು ಲಿಥಿಯಂ ಬ್ಯಾಟರಿಗಳನ್ನು ಸೇರಿಸಿದರೆ ಅದು ಸ್ವತ್ತಿನ ಮೌಲ್ಯಕ್ಕೆ ಸೇರಿ ಸವಕಳಿಯ ಮೂಲಕ ಮಾತ್ರ ಕಳೆಯುತ್ತದೆ. ಬಿಲ್ಲಿನಲ್ಲಿ ಇವೆರಡನ್ನೂ ಬೇರ್ಪಡಿಸಿ ಬರೆಸಿಕೊಳ್ಳುವುದು ಲೇಸು. ಚಾಲಕನೂ ಸೇರಿ 13 ಆಸನಗಳವರೆಗಿನ ಪ್ರಯಾಣಿಕ ವಾಹನಗಳ ಖರೀದಿ ಹಾಗೂ ದುರಸ್ತಿಯ ಮೇಲಿನ ಜಿಎಸ್‌ಟಿ ಹೂಡುವಳಿ ತೆರಿಗೆ ಜಮಾ ಸಾಮಾನ್ಯವಾಗಿ ದೊರೆಯದು. ಪ್ರಯಾಣಿಕರ ಸಾಗಣೆಯಂತಹ ಕೆಲವು ವ್ಯವಹಾರಗಳಿಗೆ ಮಾತ್ರ ವಿನಾಯಿತಿಯುಂಟು. ಬಾಡಿಗೆಯ ಕರಾರಿನ ಸ್ವರೂಪವನ್ನು ನೋಡಿಯೇ ಇದನ್ನು ನಿರ್ಧರಿಸಬೇಕಾಗುತ್ತದೆ.

ದೋಷದ ವಹಿ

ಪ್ರತಿ ವಾಹನಕ್ಕೂ ಒಂದು ನೋಟ್‌ಬುಕ್ ಇಟ್ಟು, ದಿನಾಂಕ, ಓಡಿದ ಕಿಲೋಮೀಟರು, ಕಂಡ ಲಕ್ಷಣ, ಅಳೆದ ವೋಲ್ಟ್, ಮಾಡಿದ ಕೆಲಸ, ತಗುಲಿದ ಹಣ ಇವಿಷ್ಟನ್ನು ಬರೆಯುತ್ತ ಬಂದರೆ ವರ್ಷದೊಳಗೆ ಆ ವಾಹನದ ಸ್ವಭಾವವೇ ಅದರಲ್ಲಿ ಮೂಡುತ್ತದೆ. ಮೂರು ತಿಂಗಳಲ್ಲಿ ಎರಡು ಬಾರಿ ಅದೇ ಫ್ಯೂಸ್ ಸುಟ್ಟಿದ್ದರೆ ದೋಷ ಫ್ಯೂಸಿನಲ್ಲಿಲ್ಲ ಎಂಬುದು ವಹಿಯನ್ನು ತೆರೆದವನಿಗೆ ತಾನೇ ತಿಳಿಯುತ್ತದೆ. ಕೊಳ್ಳೇಗಾಲ, ಹನೂರುಗಳ ಗ್ಯಾರೇಜುಗಳಿಗೂ ಇದರಲ್ಲಿ ಅವಕಾಶವಿದೆ. ಜಾತ್ರೆಗೆ ಮುಂಚಿನ ವಾರದಲ್ಲಿ ಬ್ಯಾಟರಿ, ಅರ್ತ್, ಬೆಲ್ಟು, ಕೂಲೆಂಟ್, ಬ್ರೇಕು, ಟೈರು, ಅನಿಲ ಎಂಬ ಏಳು ಬಾಬುಗಳ ತಪಾಸಣೆಯನ್ನು ನಿಗದಿತ ದರಕ್ಕೆ ಮಾಡಿ, ಅಳತೆಗಳನ್ನು ಬರೆದು ಸಹಿ ಮಾಡಿಕೊಡುವ ಗ್ಯಾರೇಜಿಗೆ ಗಿರಾಕಿ ಮತ್ತೆ ಬರುತ್ತಾನೆ.

ಬೆಟ್ಟ ಹತ್ತುವ ಕುಟುಂಬ ವಾಹನದ ಮಾಲೀಕನನ್ನೂ ಮೆಕ್ಯಾನಿಕ್ಕನ್ನೂ ನಂಬಿ ಹತ್ತುತ್ತದೆ. ಬ್ರೇಕಿನ ಬಾಬಿನ ಮುಂದೆ ನೋಡದೆಯೇ 'ಸರಿಯಿದೆ' ಎಂದು ಬರೆದ ವಹಿಯ ತಪ್ಪನ್ನು ಮುಂದಿನ ವರ್ಷದ ಪುಸ್ತಕದಲ್ಲಿ ತಿದ್ದಲಾಗದು.